ನಿಮಗಿದು ಗೊತ್ತೇ? ಹಡಗಿನಲ್ಲಿ ಕಿಟಕಿಯಿಲ್ಲದ ಕೋಣೆಗೂ ಗಿರಾಕಿ!

ಬಳ್ಳಾರಿಗೆ ಎರಡೇ ಕಾಲ ಅಂತಾರೆ: ಬೇಸಿಗೆ, ಕಡುಬೇಸಿಗೆ. ಸಮುದ್ರ ಇಲ್ಲಿಂದ ಬಲು ದೂರ. ಆದರೆ ಬಳ್ಳಾರಿ ಸ್ಟೇಷನ್ನಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಕೂತರೆ ಸಾಕು, ದೂಧ್‌ಸಾಗರ ಜಲಪಾತ ತೋರಿಸಿಕೊಂಡು ನೇರ ವಾಸ್ಕೋಗೆ ಇಳಿಸುತ್ತದೆ. ಅದರ ಮಗ್ಗುಲಲ್ಲೇ ಮರ್ಮಗೋವಾ ಬಂದರು. ಮುಂಬೈನಿಂದ ಹೊರಟ ಕ್ರೂಸ್ ಹಡಗು ಅಲ್ಲಿಗೆ ಬರುತ್ತದೆ. ಹನ್ನೊಂದು ಅಂತಸ್ತಿನ ಹಡಗು!

ಬಳ್ಳಾರಿ ಪಕ್ಕದ ಕೊಳಗಲ್ಲಿನಿಂದ ಅಷ್ಟು ದೂರ ಯಾರು ಹೋಗುತ್ತಾರೆ ಎನ್ನಬೇಡಿ. ಈ ಊರಿಗೆ ದೂರದ ನಂಟು ಹೊಸದೇನಲ್ಲ. ಇಲ್ಲಿ 967ರ ರಾಷ್ಟ್ರಕೂಟರ ಕಾಲದ ಶಾಸನವಿದೆ. ಬಂಗಾಳದ ವರೇಂದ್ರಿಯಲ್ಲಿ ಹುಟ್ಟಿದ ಗದಾಧರ ಎಂಬ ಯತಿ ಇಲ್ಲಿಗೆ ಬಂದು ಕಾರ್ತಿಕೇಯನಿಗೆ ಗುಡಿ ಕಟ್ಟಿಸಿದ ಸಂಗತಿಯೂ ಊರಿನ ಕಲ್ಲಿನಲ್ಲೇ ಇದೆ. ರೈಲಿಲ್ಲ, ಬಸ್ಸಿಲ್ಲ, ಆದರೂ ಬಂದ!

ಇನ್ನು ಹಡಗಿನ ಮಾತು. ಮನೆಮಂದಿಯೆಲ್ಲ ಹೊರಟರೆ ಮೊದಲ ಜಗಳವೇ ಕೋಣೆಯದು. ಅಲ್ಲಿ ಅದನ್ನು ಕ್ಯಾಬಿನ್ ಅನ್ನುತ್ತಾರೆ. ಮಕ್ಕಳಿಗೆ ಬಾಲ್ಕನಿ ಬೇಕು. ಅಜ್ಜಿಗೆ ಲಿಫ್ಟ್ ಹತ್ತಿರ ಇರಬೇಕು. ದುಡ್ಡು ಕಟ್ಟುವವರಿಗೆ ಅಗ್ಗದ್ದು ಬೇಕು. ಸ್ವಾರಸ್ಯ ಏನು ಗೊತ್ತೇ? ಈ ಮೂವರಲ್ಲಿ ಕೊನೆಯವರು ಗೆದ್ದರೂ ಮಿಕ್ಕವರಿಗೆ ನಷ್ಟವಿಲ್ಲ!

ಹೌದು, ಹಡಗಿನ ಅತಿ ಅಗ್ಗದ ಕೋಣೆಗೆ ಕಿಟಕಿಯೇ ಇರುವುದಿಲ್ಲ. ಅದು ಹಡಗಿನ ಹೊಟ್ಟೆಯೊಳಗೆ, ಎರಡು ಓಣಿಗಳ ನಡುವೆ ಇರುತ್ತದೆ. ಬಾಗಿಲು ಹಾಕಿ ದೀಪ ಆರಿಸಿದರೆ ನಡುಮಧ್ಯಾಹ್ನವೂ ಒಂದೇ, ನಡುರಾತ್ರಿಯೂ ಒಂದೇ. ಮಧ್ಯಾಹ್ನ ನಿದ್ದೆ ಮಾಡದೆ ಕಾಡುವ ಮಗು ಇಲ್ಲಿ ಗೊರಕೆ ಹೊಡೆಯುತ್ತದೆ. ಅದಕ್ಕೇ ಪುಟ್ಟ ಮಕ್ಕಳಿರುವ ಎಷ್ಟೋ ಮನೆಯವರು ಬೇಕೆಂದೇ ಇದನ್ನು ಕೇಳಿ ಪಡೆಯುತ್ತಾರೆ!

ಕತ್ತಲಿಗೆ ಮಗು ಹೆದರಿದರೆ? ಅದಕ್ಕೂ ಒಂದು ಉಪಾಯ. ಅನೇಕ ಹಡಗುಗಳ ಟಿ.ವಿ.ಯಲ್ಲಿ ಒಂದು ಚಾನೆಲ್ ಹಡಗಿನ ಮುಂದಿನ ಕ್ಯಾಮೆರಾದ ನೋಟವನ್ನೇ ತೋರಿಸುತ್ತಿರುತ್ತದೆ. ದನಿ ಅಡಗಿಸಿ ಅದನ್ನು ಹಾಕಿಟ್ಟರೆ ಮಲಗುವ ದೀಪವೂ ಆಯಿತು. ಬೆಳಗಾಯಿತೋ ಇಲ್ಲವೋ ತಿಳಿಯಲು ಹಾಸಿಗೆಯಿಂದ ಏಳುವುದೂ ಬೇಡ!

ಡಿಸ್ನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2011ರಲ್ಲಿ ಮೊದಲ ಯಾನ ಹೊರಟ ಅವರ ‘ಡಿಸ್ನಿ ಡ್ರೀಮ್’ ಹಡಗಿನ ಒಳಕೋಣೆಗಳಲ್ಲಿ ಸುಳ್ಳು ಕಿಟಕಿಗಳಿವೆ. ದುಂಡನೆಯ ಪರದೆಯ ಮೇಲೆ ಹೊರಗಿನ ಸಮುದ್ರ ನೇರ ಪ್ರಸಾರ! ನಡುನಡುವೆ ಕಾರ್ಟೂನ್ ಪಾತ್ರಗಳು ಬಂದು ಇಣುಕಿ ಹೋಗುತ್ತವೆ. ನಿಜ ಕಿಟಕಿಯಿದ್ದ ಕೋಣೆಯ ಮಕ್ಕಳು ಹೊಟ್ಟೆಕಿಚ್ಚು ಪಡದೆ ಇರುತ್ತಾರೆಯೇ?

ಸಮುದ್ರದ ಮೇಲೆ ಹೋಗುತ್ತಾ ಕಿಟಕಿಯಿಂದ ಬಜಾರು ನೋಡಬಹುದು, ಗೊತ್ತೇ? 1999ರ ‘ವಾಯೇಜರ್ ಆಫ್ ದ ಸೀಸ್’ ಹಡಗಿನ ಒಳಗೆ ಅಂಗಡಿ ಬೀದಿಯಿದೆ. ಕೆಲವು ಕೋಣೆಗಳ ಕಿಟಕಿ ತೆರೆದುಕೊಂಡಿರುವುದು ಆ ಬೀದಿಯ ಕಡೆಗೇ! 2009ರ ‘ಓಯಸಿಸ್ ಆಫ್ ದ ಸೀಸ್’ ಹಡಗಿನಲ್ಲಿ ಕೆಲವು ಬಾಲ್ಕನಿಗಳಿಗೆ ಬಂದು ನಿಂತರೆ ಕೆಳಗೆ ಕಾಣುವುದು ಗಿಡಮರಗಳ ಪಾರ್ಕು. ಸಾವಿರಾರು ಗಿಡಗಳು, ಎಲ್ಲವೂ ಅಸಲಿ!

ಈಗ ಹಳೆಯ ಕಥೆಯೊಂದು. 1442ರಲ್ಲಿ ಅಬ್ದುಲ್ ರಜಾಕ್ ಎಂಬ ರಾಯಭಾರಿ ಪರ್ಷಿಯಾದ ಹಾರ್ಮುಜ್‌ನಿಂದ ಹಡಗು ಹತ್ತಿದ. ಹತ್ತಿದ್ದೇ ತಡ, ಹಡಗಿನ ವಾಸನೆ ಮೂಗಿಗೆ ಬಡಿದು ಮೂರ್ಛೆ ಹೋದ. ಒಂದಲ್ಲ ಎರಡಲ್ಲ, ಮೂರು ದಿನ! ಉಸಿರಾಡುತ್ತಿದ್ದುದರಿಂದಷ್ಟೇ ಬದುಕಿದ್ದಾನೆಂದು ತಿಳಿಯುತ್ತಿತ್ತಂತೆ. ಹಾಗೆಂದು ಅವನೇ ಬರೆದಿಟ್ಟಿದ್ದಾನೆ. ಕಲ್ಲಿಕೋಟೆಗೆ ಬಂದು, ಮತ್ತೆ ಸಮುದ್ರದ ದಾರಿಯಲ್ಲೇ ಮಂಗಳೂರು ಮುಟ್ಟಿ, ಅಲ್ಲಿಂದ ನೆಲದ ದಾರಿ ಹಿಡಿದು 1443ರಲ್ಲಿ ಎಲ್ಲಿಗೆ ಬಂದ ಗೊತ್ತೇ? ನಮ್ಮ ಹಂಪಿಗೆ, ಎರಡನೇ ದೇವರಾಯನ ಆಸ್ಥಾನಕ್ಕೆ! ಪಾಪ, ಅವನಿಗೆ ಕೋಣೆ ಆರಿಸುವ ಭಾಗ್ಯ ಇರಲಿಲ್ಲ.

ನಿಮಗಿದೆ. ಹೊಟ್ಟೆ ತೊಳಸುವವರು ಎಲ್ಲಿ ಮಲಗಬೇಕು ಎಂಬುದಕ್ಕೆ ಉತ್ತರ ಕೊಳಗಲ್ಲು–ಬಳ್ಳಾರಿ ಬಸ್ಸಿನಲ್ಲೇ ಇದೆ. ಹಿಂದಿನ ಸೀಟಿನಲ್ಲಿ ಕೂತವರು ಗುಂಡಿ ಬಂದಾಗಲೆಲ್ಲ ಹಾರುತ್ತಾರೆ. ನಡುವಿನವರು ಆರಾಮಾಗಿ ಕಡ್ಲೆಕಾಯಿ ತಿನ್ನುತ್ತಾರೆ. ಹಡಗೂ ಹಾಗೆಯೇ! ಮೂತಿ ಏಳುತ್ತದೆ, ಬಾಲ ಇಳಿಯುತ್ತದೆ, ನಡು ಮಾತ್ರ ಹೆಚ್ಚು ಅಲುಗುವುದಿಲ್ಲ. ಎತ್ತರ ಹೋದಷ್ಟೂ ತೂಗಾಟ ಜಾಸ್ತಿ. ಆದ್ದರಿಂದ ಕೆಳಗಿನ ಡೆಕ್ಕಿನ ನಡುವಿನ ಕೋಣೆಯೇ ಗಟ್ಟಿ. ತಮಾಷೆ ನೋಡಿ: ಲಕ್ಷಗಟ್ಟಲೆ ಕೊಟ್ಟು ತುತ್ತತುದಿಯ ಸೂಟ್ ಹಿಡಿದವರೇ ಹೆಚ್ಚು ತೂಗಾಡುತ್ತಾರೆ!

ಹಡಗಿಗೂ ರೆಕ್ಕೆಗಳಿವೆ ಎಂದರೆ ನಂಬುತ್ತೀರಾ? ನೀರಿನೊಳಗೆ ಎರಡೂ ಮಗ್ಗುಲಿಂದ ಉಕ್ಕಿನ ರೆಕ್ಕೆಗಳು ಹೊರಚಾಚುತ್ತವೆ. ಪಕ್ಕದಿಂದ ಪಕ್ಕಕ್ಕೆ ವಾಲುವುದನ್ನು ಅವು ತಡೆಯುತ್ತವೆ. ಆದರೆ ಮುಂದೆ ಹಿಂದೆ ಏರಿಳಿಯುವುದನ್ನು ತಡೆಯಲು ಅವಕ್ಕೆ ಬರುವುದಿಲ್ಲ. ಅದಕ್ಕೇ ನಡುವಿನ ಕೋಣೆಗೆ ಇಂದಿಗೂ ಬೆಲೆ!

ಮುಂದಿಲ್ಲದ, ಹಿಂದಿಲ್ಲದ ದೋಣಿಯೂ ಇದೆ, ಅದೂ ನಮ್ಮ ತುಂಗಭದ್ರೆಯಲ್ಲೇ. ಹರಿಗೋಲು! 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಕಂಡು ಬೆರಗಾದ. ದುಂಡಗೆ, ಹೊರಗೆ ಚರ್ಮ ಹೊದಿಸಿದ ಆ ದೋಣಿಯಲ್ಲಿ ಹದಿನೈದಿಪ್ಪತ್ತು ಜನ ಕೂರಬಹುದು, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದ. ಒಳ್ಳೆಯ ಸೀಟಿಗಾಗಿ ಜಗಳವೇ ಇಲ್ಲದ ಏಕೈಕ ವಾಹನ ಇದೇ ಇರಬೇಕು!

ಮುಂಬೈ–ಗೋವಾ ನಡುವೆ ಓಡಾಡುವ ‘ಎಂಪ್ರೆಸ್’ ಹಡಗು ಫ್ರಾನ್ಸಿನಲ್ಲಿ ಹುಟ್ಟಿದ್ದು. 1990ರಲ್ಲಿ ಕೆಲಸಕ್ಕೆ ಇಳಿದಾಗ ಅದರ ಹೆಸರು ‘ನಾರ್ಡಿಕ್ ಎಂಪ್ರೆಸ್’. ಆಮೇಲೆ ಎರಡು ಮೂರು ಹೆಸರು ಬದಲಾಯಿಸಿತು. 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಕಂಪನಿಯ ಕೈಯಲ್ಲಿ ಮುಂಬೈನಿಂದ ಹೊರಡುತ್ತಿದೆ. ಅದರಲ್ಲಿ ಜೈನರ ಊಟವೂ ಸಿಗುತ್ತದೆ! ಹಡಗುಗಳಲ್ಲಿ ಬಾಲ್ಕನಿಯ ಹುಚ್ಚು ಹಬ್ಬುವ ಮೊದಲೇ ಕಟ್ಟಿದ್ದರಿಂದ ಬಾಲ್ಕನಿ ಕೋಣೆಗಳು ಅದರಲ್ಲಿ ಕಡಿಮೆ. ಬೇಕೇ ಬೇಕೆನ್ನುವವರು ಬೇಗ ಬುಕ್ ಮಾಡಬೇಕು.

ಅಂದಹಾಗೆ ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಕೆರಳಿದಾಗ ಹಡಗೂ ಜಾಗ ಬದಲಿಸುತ್ತದೆ! 2023ರ ಜೂನ್‌ನಲ್ಲಿ ಇದೇ ಎಂಪ್ರೆಸ್ ಚೆನ್ನೈನಿಂದ ಶ್ರೀಲಂಕಾಗೆ ಹೊರಟಿತ್ತು.

ಕೋಣೆ ಹಡಗಿನ ಎಡಕ್ಕೋ ಬಲಕ್ಕೋ? ಮುಂಬೈನಿಂದ ಗೋವಾಕ್ಕೆ ಹಡಗು ತೆಂಕಣಕ್ಕೆ ಹೋಗುತ್ತದೆ. ಆಗ ನೆಲ ಎಡಕ್ಕೆ, ಸೂರ್ಯಾಸ್ತ ಬಲಕ್ಕೆ. ಸಮುದ್ರದಲ್ಲಿ ಮುಳುಗುವ ಸೂರ್ಯನನ್ನು ಕೋಣೆಯಿಂದಲೇ ನೋಡಬೇಕೆಂದರೆ ಬಲಗಡೆ ಹಿಡಿಯಿರಿ. ಬರುವಾಗ ಎಲ್ಲ ತಲೆಕೆಳಗು, ಅದೇ ಕಿಟಕಿಯಲ್ಲಿ ಸೂರ್ಯೋದಯ. ಒಂದೇ ದುಡ್ಡಿಗೆ ಎರಡೂ!

ರಾತ್ರಿ ದೂರದಿಂದ ಹಡಗಿನ ಎಡಬಲ ಹೇಗೆ ಗುರುತಿಸುತ್ತಾರೆ? ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ. ಜಗತ್ತಿನ ಎಲ್ಲ ಹಡಗಿಗೂ ಇದೇ ಕಾನೂನು!

ನಾಲ್ಕು ಜನ ಒಂದೇ ಕೋಣೆಯಲ್ಲಿ ಹೇಗೆ? ಬಾಗಿಲು ತೆಗೆದು ನೋಡಿದರೆ ಎರಡೇ ಹಾಸಿಗೆ ಕಾಣುತ್ತವೆ. ‘ಮೋಸ ಹೋದೆವಲ್ಲ’ ಅಂತ ಮನೆಯಾಕೆ ಮುಖ ನೋಡುತ್ತಾಳೆ. ತಡೆಯಿರಿ. ಸಂಜೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕೋಣೆ ನೋಡಿಕೊಳ್ಳುವ ಹುಡುಗ ಬಂದಿರುತ್ತಾನೆ. ಸಣ್ಣ ಕೀಲಿಯೊಂದನ್ನು ಗೋಡೆಗೆ ತೂರಿಸಿ ತಿರುಗಿಸುತ್ತಾನೆ. ಬರೀ ಹಲಗೆ ಎಂದುಕೊಂಡಿದ್ದ ಗೋಡೆ ಬಿಚ್ಚಿಕೊಂಡು ಕೆಳಗಿಳಿಯುತ್ತದೆ. ಹಾಸಿಗೆ, ಹೊದಿಕೆ, ಬೀಳದಂತೆ ಪಕ್ಕಕ್ಕೆ ತಡೆಗಂಬಿ, ಹತ್ತಲು ಪುಟ್ಟ ಏಣಿ! ಬೆಳಿಗ್ಗೆ ತಿಂಡಿಗೆ ಹೋಗಿ ಬರುವಷ್ಟರಲ್ಲಿ ಅದು ಮತ್ತೆ ಗೋಡೆ.

ಈ ಮಾಯದ ಮಂಚ ಹುಟ್ಟಿದ್ದು ರೈಲಿನಲ್ಲಿ. ಅಮೆರಿಕದ ಜಾರ್ಜ್ ಪುಲ್‌ಮನ್ ಹತ್ತೊಂಬತ್ತನೇ ಶತಮಾನದಲ್ಲಿ ರೈಲುಡಬ್ಬಿಗಳಲ್ಲಿ ಇಂಥ ಮಡಚುವ ಬರ್ತ್‌ಗಳನ್ನು ಜನಪ್ರಿಯಗೊಳಿಸಿದ. ಹಡಗಿನಲ್ಲಿ ಇಂದಿಗೂ ಇವಕ್ಕೆ ಅವನದೇ ಹೆಸರು!

ಮೂರನೆಯವರಿಗೂ ನಾಲ್ಕನೆಯವರಿಗೂ ಸಾಮಾನ್ಯವಾಗಿ ಟಿಕೆಟ್ ಅಗ್ಗ. ಒಬ್ಬರೇ ಹೋದರೋ, ಹೆಚ್ಚಿನ ಕಡೆ ಇಬ್ಬರ ದುಡ್ಡು ಕಟ್ಟಬೇಕು! ಹಡಗಿನವರಿಗೆ ದೊಡ್ಡ ಕುಟುಂಬ ಎಂದರೆ ಪ್ರೀತಿ.

ಕೋಣೆಯಲ್ಲಿ ಹಾಸಿಗೆ ಖಾಲಿ ಇದ್ದರೂ ಟಿಕೆಟ್ ಸಿಗದೆ ಹೋಗಬಹುದು, ಗೊತ್ತೇ? ಹಡಗಿನ ಪ್ರತಿಯೊಂದು ಭಾಗಕ್ಕೂ ಇಂತಿಂಥ ಜೀವರಕ್ಷಕ ದೋಣಿ ಎಂದು ಗೊತ್ತುಮಾಡಿರುತ್ತಾರೆ. ಆ ದೋಣಿಯ ಲೆಕ್ಕ ತುಂಬಿದರೆ ಮುಗಿಯಿತು, ಮಡಚುವ ಮಂಚ ಮಡಚಿಯೇ ಇರುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಹಡಗಿನಲ್ಲಿದ್ದವರು ಸುಮಾರು 2,200 ಜನ, ದೋಣಿಗಳಲ್ಲಿದ್ದ ಜಾಗ 1,178 ಮಾತ್ರ. ಆ ಪಾಠದಿಂದ 1914ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಈಗ ಕೈಗೂಸಿಗೂ ದೋಣಿಯಲ್ಲಿ ಪೂರಾ ಒಂದು ಜಾಗದ ಲೆಕ್ಕ! ಅದಕ್ಕೇ ಬುಕ್ ಮಾಡುವಾಗ ಕಂಕುಳ ಕೂಸನ್ನೂ ಮರೆಯದೆ ಹೇಳಬೇಕು. ಆರು ತಿಂಗಳು ತುಂಬದ ಕೂಸನ್ನು ಹೆಚ್ಚಿನ ಕ್ರೂಸ್‌ಗಳು ಹತ್ತಿಸಿಕೊಳ್ಳುವುದೇ ಇಲ್ಲ.

ಕೋಣೆಯ ಗೋಡೆಗೆ ಅಯಸ್ಕಾಂತ ಹಿಡಿದರೆ ಟಪ್ಪನೆ ಅಂಟಿಕೊಳ್ಳುತ್ತದೆ! ಹೆಚ್ಚಿನ ಹಡಗುಗಳಲ್ಲಿ ಗೋಡೆಯೂ ಉಕ್ಕಿನದೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಹೇಳಿ, ಅವರೇ ಪರೀಕ್ಷೆ ಮಾಡುತ್ತಾರೆ. ಅಯಸ್ಕಾಂತದ ನಾಲ್ಕು ಕೊಕ್ಕೆ ಒಯ್ದರೆ ಟೋಪಿ, ಟವೆಲ್, ಅಜ್ಜಿಯ ಕೈಚೀಲ ಎಲ್ಲ ಗೋಡೆ ಮೇಲೆ. ಖಾಲಿ ಸೂಟ್‌ಕೇಸು ಮಂಚದ ಕೆಳಗೆ.

ಇನ್ನೊಂದು ವಿಚಿತ್ರ. ಈ ಕೋಣೆಗಳನ್ನು ಹಡಗಿನಲ್ಲಿ ಕಟ್ಟುವುದೇ ಅಪರೂಪ! ದಡದ ಕಾರ್ಖಾನೆಯಲ್ಲಿ ಗೋಡೆ, ದೀಪ, ಬಚ್ಚಲು ಸಮೇತ ಡಬ್ಬಿಯ ಹಾಗೆ ತಯಾರಾಗಿ ಬರುತ್ತವೆ. ಹಡಗಿನ ಮಗ್ಗುಲಿಂದ ಒಳಗೆ ತಳ್ಳಿ, ನಲ್ಲಿ ವೈರು ಜೋಡಿಸಿದರೆ ಕೋಣೆ ಸಿದ್ಧ.

ಬಚ್ಚಲಿಗೆ ಹೋಗುವಾಗ ಕಾಲು ಎತ್ತಿಡಿ. ಹೊಸ್ತಿಲು ಎತ್ತರ ಇರುತ್ತದೆ, ನೀರು ಕೋಣೆಗೆ ಬರದಿರಲೆಂದು. ಮಂಡಿನೋವಿನ ಅಜ್ಜಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ಹೊಸ್ತಿಲು ಇಲ್ಲದ, ಬಾಗಿಲು ಅಗಲವಿರುವ ಕೋಣೆಗಳೂ ಇರುತ್ತವೆ. ಗಾಲಿಕುರ್ಚಿಯವರಿಗೆಂದು ಮೀಸಲು, ಎಣಿಕೆಯಲ್ಲಿ ಬಲು ಕಡಿಮೆ. ಇನ್ನು ಸಂಡಾಸಿನ ಗುಂಡಿ ಒತ್ತಿದರೆ ‘ಭುಸ್ಸ್’ ಎಂದು ಗಾಳಿಯೇ ಎಳೆದುಕೊಂಡು ಹೋಗುತ್ತದೆ! ಖರ್ಚಾಗುವ ನೀರು ಒಂದು ಲೀಟರಿನ ಆಸುಪಾಸು. ಮಕ್ಕಳು ಮೊದಲ ಸಲ ಓಡಿಬರುತ್ತಾರೆ, ಆಮೇಲೆ ಗುಂಡಿ ಒತ್ತುವುದೇ ಆಟ!

ಡಿಸ್ನಿ ಹಡಗಿನ ಅನೇಕ ಕೋಣೆಗಳಲ್ಲಿ ಒಂದರ ಬದಲು ಎರಡು ಬಚ್ಚಲು. ಒಂದರಲ್ಲಿ ಸ್ನಾನ, ಇನ್ನೊಂದರಲ್ಲಿ ಸಂಡಾಸು, ಎರಡರಲ್ಲೂ ಕೈ ತೊಳೆಯುವ ತೊಟ್ಟಿ. ಬೆಳಗಿನ ಗಲಾಟೆ ಅರ್ಧಕ್ಕರ್ಧ ಕಡಿಮೆ! ನನ್ನ ಕೇಳಿದರೆ ಬಾಲ್ಕನಿಗಿಂತ ಇದಕ್ಕೇ ದುಡ್ಡು ಕೊಡಬೇಕು.

ಬಾಲ್ಕನಿ ತೆಗೆದುಕೊಂಡವರು ಗಮನಿಸಿ. ಎಷ್ಟೋ ಹಡಗುಗಳಲ್ಲಿ ಬಾಲ್ಕನಿ ಬಾಗಿಲು ತೆರೆದಿಟ್ಟರೆ ಕೋಣೆಯ ಎ.ಸಿ. ತಾನಾಗಿಯೇ ನಿಲ್ಲುತ್ತದೆ! ಬಳ್ಳಾರಿ ಬಿಸಿಲಿನಿಂದ ತಪ್ಪಿಸಿಕೊಂಡು ಹೋದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಮೇಲೆ ಏನಿದೆ, ಕೆಳಗೆ ಏನಿದೆ ಎಂದು ನಕ್ಷೆ ನೋಡಿಯೇ ಕೋಣೆ ಹಿಡಿಯಿರಿ. ಮೇಲೆ ಈಜುಕೊಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು. ಮೂತಿಯ ಕಡೆ ಕೆಳಗಿದ್ದರೆ ಲಂಗರಿನ ಸರಪಳಿಯೇ ಅಲಾರಾಂ! ಮೇಲೂ ಕೋಣೆ, ಕೆಳಗೂ ಕೋಣೆ ಇದ್ದರೆ ನಿದ್ದೆ ಗ್ಯಾರಂಟಿ.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ‘ಎಂ.ವಿ. ಕವರತ್ತಿ’ ಹಡಗಿಗೆ 700 ಜನ ಹಿಡಿಸುತ್ತಾರೆ. ಮೊದಲ ದರ್ಜೆಯಲ್ಲಿ ಕೋಣೆಗೆ ಇಬ್ಬರು, ಎರಡನೇ ದರ್ಜೆಯಲ್ಲಿ ನಾಲ್ವರು. ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರಕ್ಕೆ ಎರಡನೇ ದರ್ಜೆಯೇ ಸರಿಹೊಂದುತ್ತದೆ!

ಇತ್ತ ನೋಡಿದರೆ, 2024ರಲ್ಲಿ ಹೊರಟ ‘ಐಕಾನ್ ಆಫ್ ದ ಸೀಸ್’ ಹಡಗಿನಲ್ಲಿ ಒಂದು ಕುಟುಂಬಕ್ಕೆಂದೇ ಮೂರು ಅಂತಸ್ತಿನ ಮನೆಯಿದೆ. ಮೇಲಿಂದ ಕೆಳಗೆ ಬರಲು ಮೆಟ್ಟಿಲ ಜೊತೆ ಜಾರುಬಂಡೆ! ಬೆಲೆ ಕೇಳಬೇಡಿ, ಮಾರಬೇಕಾದ ಸಿರುಗುಪ್ಪದ ಗದ್ದೆ ನೆನಪಾಗುತ್ತದೆ.

ರಾಹುಕಾಲ ನೋಡುವವರನ್ನು ಕಂಡು ನಗುವವರು ಇದನ್ನು ಕೇಳಲಿ. ಎಷ್ಟೋ ದೊಡ್ಡ ಹಡಗುಗಳಲ್ಲಿ 12ನೇ ಡೆಕ್ ಆದಮೇಲೆ ನೇರ 14! ಇಟಲಿಯವರಿಗೆ 17 ಕೆಟ್ಟ ಸಂಖ್ಯೆ. ಅದಕ್ಕೇ ಇಟಲಿ ಮೂಲದ ಎಂ.ಎಸ್.ಸಿ. ಕ್ರೂಸ್ ಕಂಪನಿಯ ಅನೇಕ ಹಡಗುಗಳಲ್ಲಿ 13 ಇರುತ್ತದೆ, 17 ಇರುವುದಿಲ್ಲ!

ಆದರೆ ನಮ್ಮ ಒಂದು ಪದ್ಧತಿ ಅಲ್ಲಿ ನಡೆಯುವುದಿಲ್ಲ. ಕೋಣೆಯಲ್ಲಿ ಊದಿನಕಡ್ಡಿ, ದೀಪ, ಮೇಣದ ಬತ್ತಿ ಹಚ್ಚುವಂತಿಲ್ಲ. ಇಸ್ತ್ರಿ ಪೆಟ್ಟಿಗೆಗೂ ಪ್ರವೇಶವಿಲ್ಲ. ನಡುನೀರಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಅಜ್ಜಿ ಕೈಮುಗಿದರೆ ಸಾಕು!

ಊಟ ಮುಗಿಸಿ ಬರುವಾಗ ಓಣಿಯ ಎರಡೂ ತುದಿ ಒಂದೇ ತರ ಕಾಣುತ್ತವೆ. ನಮ್ಮ ಕೋಣೆ ಯಾವ ಕಡೆ? ಕೆಲವು ಹಡಗುಗಳ ಓಣಿಯ ಕಾರ್ಪೆಟ್ಟಿನಲ್ಲಿ ಮೀನುಗಳ ಚಿತ್ರವಿರುತ್ತದೆ. ಬಗ್ಗಿ ನೋಡಿ. ಎಲ್ಲ ಮೀನುಗಳೂ ಹಡಗಿನ ಮೂತಿಯ ಕಡೆಗೇ ಈಜುತ್ತಿರುತ್ತವೆ!