ಕಲ್ಲಿನ ಕಂಬ ಯಾವ ಪ್ರಶ್ನೆಗೆ ಉತ್ತರ?

ಸಾವನದುರ್ಗದಲ್ಲಿ ಮೊದಲು ಕಣ್ಣು ತುಂಬುವುದು ಅದರ ಆಕಾರ. ಮಾಗಡಿ ತಾಲ್ಲೂಕಿನ ಹೊಲ, ಕಾಡುಗಳ ನಡುವಿನಿಂದ ಒಮ್ಮೆಲೇ ಮೇಲೆದ್ದ ಕರಿಗುಡ್ಡ, ಬಿಳಿಗುಡ್ಡಗಳೆಂಬ ಜೋಡಿ ಬಂಡೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಇಂಥ ಸೀಮೆಯಲ್ಲಿ ಆಸ್ಪತ್ರೆಯನ್ನೋ ತಾಲ್ಲೂಕು ಕಚೇರಿಯನ್ನೋ ವಾಣಿಜ್ಯ ಸಂಕೀರ್ಣವನ್ನೋ ಕಟ್ಟಲು ಹೊರಟ ವಾಸ್ತುಶಿಲ್ಪಿಗೆ ಸ್ಫೂರ್ತಿಗೆ ಬರವಿಲ್ಲ ಎಂದು ಯಾರಿಗಾದರೂ ಅನ್ನಿಸೀತು. ಬೆಟ್ಟದಂತೆ ದುಂಡಗಿನ ಚಾವಣಿ, ಗೋಡೆಗೆ ಚನ್ನಪಟ್ಟಣದ ಬೊಂಬೆಯ ಬಣ್ಣ, ಬಾಗಿಲಿಗೆ ದೇವಸ್ಥಾನದ ಮಾದರಿಯ ಎರಡು ಕಂಬ ಇಟ್ಟರೆ ಕಟ್ಟಡಕ್ಕೆ ಊರಿನ ಮುಖ ಬಂತು ಎಂದು ನಂಬುವವರು ಬಹಳ. ಈ ನಂಬಿಕೆ ಅರ್ಧ ದಾರಿಗೇ ನಿಂತುಬಿಡುತ್ತದೆ ಎಂಬುದು ನನ್ನ ವಾದ. ನಮಗೆ ಇಷ್ಟವಾಗುವ ಹಳೆಯ ರೂಪಗಳೆಲ್ಲ ಒಂದು ಕಾಲಕ್ಕೆ ಯಾರೋ ಎದುರಿಸಿದ ತೊಡಕಿಗೆ ಸಿಕ್ಕ ಉತ್ತರಗಳು. ಒಳ್ಳೆಯ ವಾಸ್ತುಶಿಲ್ಪಿ ಉತ್ತರವನ್ನು ನಕಲು ಮಾಡುವ ಮೊದಲು ಆ ಪ್ರಶ್ನೆ ಯಾವುದಿತ್ತು, ಇವತ್ತೂ ಅದು ಉಳಿದಿದೆಯೇ ಎಂದು ಹುಡುಕುತ್ತಾನೆ.

ಕಲ್ಲಿನ ಕಂಬವನ್ನೇ ನೋಡೋಣ. ರಾಮನಗರ, ಮಾಗಡಿ, ಕನಕಪುರದ ಬಂಡೆಗಳು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲಾಪಟ್ಟಿಗೆ ಸೇರಿದವು. ಕ್ಲೋಸ್‌ಪೇಟೆ ಎಂಬುದು ರಾಮನಗರದ್ದೇ ಹಳೆಯ ಹೆಸರು. ಈ ಕಲ್ಲು ಮೇಲಿನಿಂದ ಬೀಳುವ ಭಾರವನ್ನು ಎಷ್ಟಾದರೂ ತಡೆಯುತ್ತದೆ, ಆದರೆ ಬಾಗಿಸುವ ಬಲಕ್ಕೆ ಸೋಲುತ್ತದೆ. ಎರಡು ಗೋಡೆಗಳ ಮೇಲೆ ಅಡ್ಡ ಹಾಕಿದ ಕಲ್ಲು ಉದ್ದವಾದಷ್ಟೂ ನಡುವಿನಲ್ಲಿ ತಳಭಾಗ ಹಿಗ್ಗಿ ಬಿರುಕು ಬಿಡುವ ಅಪಾಯ ಹೆಚ್ಚು. ಅದಕ್ಕೇ ಚಪ್ಪಡಿ ಹಾಸಿದ ಹಳೆಯ ಮನೆಗಳಲ್ಲಿ ಕೋಣೆಯ ಅಗಲವನ್ನು ಚಪ್ಪಡಿಯ ಉದ್ದವೇ ನಿರ್ಧರಿಸುತ್ತಿತ್ತು. ದೇವಸ್ಥಾನದ ಮಂಟಪಗಳಲ್ಲಿ ನಾಲ್ಕು ಹೆಜ್ಜೆಗೊಂದು ಕಂಬ ನಿಂತಿರುವುದಕ್ಕೂ ಕಾರಣ ಇದೇ. ಶಿಲ್ಪಿಗಳು ಆ ಅನಿವಾರ್ಯವನ್ನೇ ಚೆಲುವಾಗಿಸಿ, ಕಂಬದ ಸಾಲಿನಲ್ಲಿ ನೆರಳು ಬೆಳಕಿನ ಲಯ ತಂದರು. ಇವತ್ತು ಕಬ್ಬಿಣದ ಸರಳು ಹೊತ್ತ ಕಾಂಕ್ರೀಟಿನ ತೊಲೆ ಮೂವತ್ತು ಅಡಿಯನ್ನು ಸಲೀಸಾಗಿ ದಾಟುತ್ತದೆ. ಹಾಗಿದ್ದೂ ಬಸ್ ನಿಲ್ದಾಣದ ನಡುವೆ ದೇವಸ್ಥಾನದ ಅಳತೆಯಲ್ಲಿ ಕಂಬ ನಿಲ್ಲಿಸಿದರೆ, ಮೂಟೆ ಹೊತ್ತು ಓಡುವ ಪ್ರಯಾಣಿಕನ ದಾರಿಗೆ ಅಡ್ಡಿ ಮಾಡಿದಂತೆ ಅಷ್ಟೇ.

ಚನ್ನಪಟ್ಟಣದ ಬೊಂಬೆಯ ದುಂಡುತನಕ್ಕೂ ಹೀಗೊಂದು ಕಾರಣವಿದೆ. ಮೆದುವಾದ ಹಾಲೆ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿ ಒತ್ತಿ ಕಡೆಯುತ್ತಾರೆ. ತಿರುಗುವ ಮರದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಅಂಟುತ್ತದೆ. ಕೇದಗೆಯ ಎಲೆಯಿಂದ ತೀಡಿದರೆ ಹೊಳಪು ಬರುತ್ತದೆ. ಹೀಗೆ ತಯಾರಾಗುವ ವಸ್ತು ದುಂಡಗಿರಲೇಬೇಕು. ಇದನ್ನು ಅರಿತ ವಾಸ್ತುಶಿಲ್ಪಿ ಗ್ರಂಥಾಲಯದ ಒಳಗಿನ ಮೆಟ್ಟಿಲ ಕಟಕಟೆಯ ಕಡ್ಡಿಗಳನ್ನೋ, ಬಾಗಿಲ ಹಿಡಿಗಳನ್ನೋ, ಕೋಣೆಗಳ ನಡುವಿನ ಮರೆಯನ್ನೋ ಅಲ್ಲಿಯ ಕುಶಲಕರ್ಮಿಗಳಿಂದಲೇ ಕಡೆಸಬಲ್ಲ. ಕಟ್ಟಡದ ನೆತ್ತಿಯ ಮೇಲೆ ಸಿಮೆಂಟಿನ ದೈತ್ಯ ಬೊಂಬೆ ಕೂರಿಸುವುದಕ್ಕಿಂತ ಇದು ಆ ಕಸುಬಿಗೆ ತೋರುವ ನಿಜವಾದ ಗೌರವ, ಒಂದಷ್ಟು ಮನೆಗಳಿಗೆ ಕೆಲಸವೂ ಹೌದು.

ಹಾಗಾದರೆ ವಾಸ್ತುಶಿಲ್ಪಿ ಕೆಲಸ ಶುರುಮಾಡುವುದು ಎಲ್ಲಿಂದ? ರಾಮನಗರದಂಥ ಊರಿನಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗಿಂತ ಒಳ್ಳೆಯ ಪಾಠ ಬೇರೆ ಸಿಗಲಾರದು. ಗೂಡಿನೊಳಗೆ ಇರುವುದು ಕೋಶಾವಸ್ಥೆಯ ಜೀವಂತ ಹುಳು, ಅದು ಉಸಿರಾಡುತ್ತದೆ. ಗೂಡುಗಳನ್ನು ರಾಶಿ ಹಾಕಿ ಗಾಳಿಯಿಲ್ಲದ ಕಡೆ ಇಟ್ಟರೆ ಬಿಸಿಯೂ ತೇವವೂ ಸೇರಿ ಅವು ಕೆಡುತ್ತವೆ. ತಡಮಾಡಿದರೆ ಚಿಟ್ಟೆ ಗೂಡು ಸೀಳಿ ಹೊರಬಂದು ನೂಲೇ ಹಾಳು. ಹೀಗಾಗಿ ಹರಾಜು ಬೇಗ ಮುಗಿಯಬೇಕು, ಅಲ್ಲಿಯವರೆಗೆ ಗೂಡು ತೆಳ್ಳಗೆ ಹರಡಿರಬೇಕು. ಅಲ್ಲಿಗೆ ಕಟ್ಟಡದ ಅರ್ಧ ನಕ್ಷೆ ತಾನೇ ಬರೆದುಕೊಂಡಂತೆ: ಎತ್ತರದ ಚಾವಣಿ, ಎದುರುಬದುರು ಗಾಳಿಕಿಂಡಿ, ಒಂದು ಬದಿಯಿಂದ ರೈತರ ಗಾಡಿ ಬಂದು ಇನ್ನೊಂದು ಬದಿಯಿಂದ ನೂಲು ತೆಗೆಯುವ ರೀಲರುಗಳ ಸರಕು ಹೊರಡುವ ದಾರಿ, ನಡುವೆ ತೂಕದ ಜಾಗ. ಬೆಳಕಿನದ್ದೂ ಒಂದು ಲೆಕ್ಕವಿದೆ. ರೀಲರು ಗೂಡಿನ ಬಣ್ಣ, ಕಲೆ, ಗಟ್ಟಿತನ ನೋಡಿ ಬೆಲೆ ಕಟ್ಟುತ್ತಾನೆ. ಚಾವಣಿಗೆ ಹಸಿರು ಪ್ಲಾಸ್ಟಿಕ್ ಶೀಟು ಹಾಕಿದರೆ ಒಳ್ಳೆಯ ಗೂಡೂ ಕಲೆಯಾದಂತೆ ಕಂಡು ರೈತನ ದುಡಿಮೆಗೆ ಪೆಟ್ಟು ಬೀಳುತ್ತದೆ. ಉತ್ತರದ ಕಡೆಯಿಂದ ಬರುವ ಬೆಳಕು ದಿನವಿಡೀ ಹೆಚ್ಚು ಏರಿಳಿತವಿಲ್ಲದೆ ಇರುವುದರಿಂದ ಇಂಥ ಪರೀಕ್ಷೆಗೆ ಅದೇ ಸರಿ. ದೂರದಿಂದ ರಾತ್ರಿಯೇ ಹೊರಟು ಬಂದ ರೈತನಿಗೆ ಮಲಗಲು ಜಗಲಿ, ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು ಇವೂ ಅದೇ ಪಟ್ಟಿಯಲ್ಲಿ ಮೊದಲ ಸಾಲಿಗೆ ಸೇರಬೇಕಾದವು. ಇಷ್ಟೂ ಗೊತ್ತಾದ ಮೇಲೆ ಆರ್ಕಿಟೆಕ್ಟ್ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ತೋರಿಸುವ ಸೆಕ್ಷನ್ ನಕ್ಷೆ ಬರೆದು, ಗಾಳಿ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆ ಎಂದು ಬಾಣದ ಗುರುತು ಹಾಕಿ ನೋಡುತ್ತಾನೆ. ಮುಂಭಾಗ ಹೇಗೆ ಕಾಣಬೇಕೆಂಬ ಮಾತು ಬರುವುದು ಆಮೇಲೆ.

ಈ ಸೀಮೆಯ ರೈತರಿಗೆ ಈ ಕ್ರಮ ಹೊಸದಲ್ಲ. ರೇಷ್ಮೆ ಹುಳು ಸಾಕುವ ಮನೆ ಕಟ್ಟುವಾಗ ಅವರು ಮೊದಲು ವಿಚಾರಿಸುವುದು ಹುಳುವಿನ ಸುಖ. ಚಾಕಿ, ಅಂದರೆ ಎಳೆಯ ಹುಳುವಿಗೆ 27–28 ಡಿಗ್ರಿ ಸೆಲ್ಸಿಯಸ್ ಬಿಸಿ, ಹೆಚ್ಚು ತೇವ. ಬೆಳೆದ ಹುಳುವಿಗೆ 24–25 ಡಿಗ್ರಿ, ಕಡಿಮೆ ತೇವ, ಹೆಚ್ಚು ಗಾಳಿ. ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿದರೆ ಬೆಳಗಿನ, ಸಂಜೆಯ ಓರೆ ಬಿಸಿಲು ತಗಲುವುದು ಕಿರಿಯ ಗೋಡೆಗಳಿಗೆ ಮಾತ್ರ. ಸುತ್ತ ಜಗಲಿ ಇದ್ದರೆ ಗೋಡೆ ಕಾಯುವುದಿಲ್ಲ. ಕಿಟಕಿಗೆ ಬಲೆ ಹಾಕಿದರೆ ಹುಳುವನ್ನು ಕೊಲ್ಲುವ ಊಜಿ ನೊಣ ಬರದು. ಹುಳುವಿಗೆ ತೋರಿಸುವ ಈ ಕಾಳಜಿಯಲ್ಲಿ ಒಂದು ಪಾಲನ್ನಾದರೂ ಸರ್ಕಾರಿ ಶಾಲೆಯ ಮಕ್ಕಳಿಗೆ, ಆಸ್ಪತ್ರೆಯ ಹೊರರೋಗಿಗಳಿಗೆ ತೋರಿಸಿದ್ದರೆ ನಮ್ಮ ಸಾರ್ವಜನಿಕ ಕಟ್ಟಡಗಳು ಎಷ್ಟೋ ಸುಧಾರಿಸುತ್ತಿದ್ದವು.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಕಟ್ಟಡವೆಂದರೆ ಬರೀ ಗಾಳಿ ಬೆಳಕಿನ ಲೆಕ್ಕವೇ? ವಿಧಾನಸೌಧವನ್ನು ನೋಡಿ ಎದೆ ಉಬ್ಬಿಸುವ ಜನ ಅದರ ಗಾಳಿಕಿಂಡಿ ಎಣಿಸಿ ಉಬ್ಬಿಸುತ್ತಾರೆಯೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅದರಲ್ಲೂ ವಿಧಾನಸೌಧದ ಹಿಂದಿದ್ದ ಕೆಂಗಲ್ ಹನುಮಂತಯ್ಯನವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯವರು, ಅದರ ಅಲಂಕಾರಕ್ಕೆ ಬಳಸಿದ ಕಲ್ಲುಗಳಲ್ಲಿ ಮಾಗಡಿಯ ನಸುಗೆಂಪು ಕಲ್ಲೂ ಒಂದು. 1951ರ ಜುಲೈ 13ರಂದು ನೆಹರೂ ಶಂಕುಸ್ಥಾಪನೆ ಮಾಡಿದಾಗ ಇದ್ದ ಯೋಜನೆ ಸಾದಾ ಕಟ್ಟಡದ್ದು. 1952ರಲ್ಲಿ ಮುಖ್ಯಮಂತ್ರಿಯಾದ ಹನುಮಂತಯ್ಯ ಅದನ್ನು ಬದಲಿಸಿ, ಎಂಜಿನಿಯರ್ ಬಿ.ಆರ್. ಮಾಣಿಕಂ ಅವರ ಕೈಯಲ್ಲಿ 700 ಅಡಿ ಉದ್ದ, 350 ಅಡಿ ಅಗಲದ ಗ್ರಾನೈಟ್ ಸೌಧವಾಗಿಸಿದರು. 1956ರಲ್ಲಿ ಕೆಲಸ ಮುಗಿಯಿತು. ಎದುರಿಗೆ, 1868ರಿಂದ, ಬ್ರಿಟಿಷರ ಆಡಳಿತ ಕಾಲದ ಕೆಂಪು ಬಣ್ಣದ ಅಠಾರಾ ಕಚೇರಿ ಯುರೋಪಿನ ಕಂಬಸಾಲು ಹೊತ್ತು ನಿಂತಿತ್ತು. ಇನ್ನು ಮುಂದೆ ಆಳುವವರು ಯಾರು ಎಂಬುದೇ ಆಗಿನ ಪ್ರಶ್ನೆ. ಪ್ರವೇಶದ್ವಾರದ 12 ಕಂಬಗಳು, ಒಂದೊಂದೂ 40 ಅಡಿ, ಚಾವಣಿ ಹೊರುವುದರ ಜೊತೆಗೆ ಆ ಪ್ರಶ್ನೆಗೂ ಉತ್ತರ ಹೇಳಿದವು. ಹಾಗಾಗಿ ವಿಧಾನಸೌಧ ನನ್ನ ವಾದಕ್ಕೆ ವಿರುದ್ಧವಲ್ಲ. ಘನತೆಯೂ ಒಂದು ಅಗತ್ಯವೇ. ಆ ಕಾಲಕ್ಕೆ, ಆ ಜಾಗಕ್ಕೆ ಅದು ನಿಜವಾದ ಅಗತ್ಯ. ಜೊತೆಗೆ ಆ ಸೌಧದ ಒಳಗೆ ಬಯಲು ಅಂಗಳಗಳಿದ್ದು, ತೊಟ್ಟಿ ಮನೆಯ ಹಾಗೆ ಒಳಕೋಣೆಗಳಿಗೆ ಬೆಳಕು ಗಾಳಿ ಕೊಡುತ್ತವೆ ಎಂಬುದನ್ನೂ ಮರೆಯಬಾರದು.

ತೊಡಕು ಶುರುವಾದದ್ದು ಆ ಉತ್ತರವನ್ನು ಪ್ರಶ್ನೆಯಿಲ್ಲದ ಕಡೆಗೆಲ್ಲ ಹಂಚಿದಾಗ. ತಾಲ್ಲೂಕು ಕೇಂದ್ರಗಳಲ್ಲಿ ಮಿನಿ ವಿಧಾನಸೌಧಗಳು ಎದ್ದವು. ಹೊಸವಕ್ಕೆ ಈಗ ಪ್ರಜಾಸೌಧ ಎಂಬ ಹೆಸರು. ಪಹಣಿ ತಿದ್ದುಪಡಿಗೆ, ಜಾತಿ ಪ್ರಮಾಣಪತ್ರಕ್ಕೆ, ಪಿಂಚಣಿಗೆ ಬರುವ ಮುದುಕಿಗೆ ಅಲ್ಲಿ ಗುಮ್ಮಟದಿಂದ ಆಗಬೇಕಾದದ್ದು ಏನೂ ಇಲ್ಲ. ಅವಳಿಗೆ ಬೇಕಾದದ್ದು ಸರತಿ ನಿಲ್ಲುವ ಕಡೆ ನೆರಳು, ಕೂರಲು ಕಟ್ಟೆ, ಮೆಟ್ಟಿಲಿಲ್ಲದೆ ತಲುಪುವ ಕೌಂಟರು, ಯಾವ ಕೋಣೆ ಎಲ್ಲಿದೆ ಎಂದು ಒಂದೇ ನೋಟಕ್ಕೆ ತಿಳಿಯುವ ಅಂಗಳ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಮೇಲೆ ಇಳಿಜಾರು ದಾರಿ ಒದಗಿಸುವುದು ದಯೆಯ ಮಾತಲ್ಲ, ಕಾನೂನಿನ ಮಾತು. ಎತ್ತರದ ಮೆಟ್ಟಿಲುಗಳನ್ನು ಮುಂದಿಟ್ಟು ಇಳಿಜಾರನ್ನು ಹಿತ್ತಲಿಗೆ ತಳ್ಳಿದ ಕಟ್ಟಡ, ಯಾರನ್ನು ಮುಂಬಾಗಿಲಲ್ಲಿ ಕರೆಯುತ್ತಿದೆ ಎಂಬುದನ್ನು ತಾನೇ ಹೇಳಿಬಿಡುತ್ತದೆ.

ಪ್ರಶ್ನೆಯನ್ನು ಬಿಡಿಸಿಕೊಂಡ ಕಟ್ಟಡ ಹೇಗಿರುತ್ತದೆ ಎಂಬುದಕ್ಕೆ ಬನ್ನೇರುಘಟ್ಟ ರಸ್ತೆಯ ಐಐಎಂ ಸಾಕ್ಷಿ. ಬಾಲಕೃಷ್ಣ ದೋಶಿ 1970ರ ದಶಕದಲ್ಲಿ ಅದರ ವಿನ್ಯಾಸಕ್ಕೆ ಕುಳಿತಾಗ ಫತೇಪುರ್ ಸಿಕ್ರಿಯ ಅಂಗಳಗಳಿಂದ ಸ್ಫೂರ್ತಿ ಪಡೆದರು. ಹಾಗೆಂದು ಮೊಘಲರ ಕಮಾನು, ಛತ್ರಿಗಳನ್ನು ಹೊತ್ತು ತರಲಿಲ್ಲ. ಜನ ನಡೆಯುತ್ತಾ ಎದುರಾಗಿ ಮಾತಿಗೆ ನಿಲ್ಲುವಂತೆ ಅಲ್ಲಿಯ ಅಂಗಳ, ಓಣಿಗಳು ಹೇಗೆ ಕೂಡಿಕೊಂಡಿವೆ ಎಂಬುದನ್ನು ತಂದರು. ಬೆಂಗಳೂರಿನ ಹದವಾದ ಹವೆಯಲ್ಲಿ ಮೊಗಸಾಲೆಗಳನ್ನು ಪೂರ್ತಿ ಮುಚ್ಚಬೇಕಿಲ್ಲವೆಂದು ಕಂಡು, ಕೆಲವು ಕಡೆ ಚಾವಣಿ, ಕೆಲವು ಕಡೆ ಬಳ್ಳಿ ಹಬ್ಬುವ ಕಾಂಕ್ರೀಟ್ ಚಪ್ಪರ, ಕೆಲವು ಕಡೆ ಬರೀ ಆಕಾಶ ಬಿಟ್ಟರು. ಗೋಡೆಗೆ ಒರಟು ಗ್ರಾನೈಟ್. 2018ರಲ್ಲಿ ದೋಶಿಗೆ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ವಾಣಿಜ್ಯ ಕಟ್ಟಡಕ್ಕೆ ಉದಾಹರಣೆ ಬೇಕೆಂದರೆ ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಸೆಂಟರ್ ಇದೆ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅಲ್ಲಿ ಗೆದ್ದಲಿನ ಹುತ್ತದಿಂದ ಪ್ರೇರಣೆ ಪಡೆದು, ರಾತ್ರಿಯ ತಂಪುಗಾಳಿಯನ್ನು ಕಾಂಕ್ರೀಟಿನ ಒಡಲಲ್ಲಿ ಹಾಯಿಸಿ ಹಗಲನ್ನು ತಣಿಸಿದರು. ಹುತ್ತ ಕೆಲಸ ಮಾಡುವ ಬಗೆ ಅವರು ಅಂದುಕೊಂಡಂತೆಯೇ ಇಲ್ಲವೆಂದು ನಂತರದ ಸಂಶೋಧಕರು ತೋರಿಸಿದರೂ ಕಟ್ಟಡ ಸೋಲಲಿಲ್ಲ, ಏಕೆಂದರೆ ಗಾಳಿಯ ಲೆಕ್ಕವನ್ನು ಎಂಜಿನಿಯರುಗಳು ಬೇರೆಯಾಗಿ ಹಾಕಿದ್ದರು. ಸ್ಫೂರ್ತಿ ಎಲ್ಲಿಂದ ಬಂದರೂ ಅದು ಲೆಕ್ಕದ ಪರೀಕ್ಷೆಯಲ್ಲಿ ಪಾಸಾಗಲೇಬೇಕು.

ಅಂಗಡಿ, ಆಫೀಸು ಕಟ್ಟುವ ಮಾಲೀಕರು ಇದಕ್ಕೆ ಒಪ್ಪುವುದು ಕಷ್ಟ. ಬಾಡಿಗೆಗೆ ಬರುವವರು ಗಾಜಿನ ಮುಖ ಕೇಳುತ್ತಾರೆ, ಗಾಜು ಬೇಗ ಏರುತ್ತದೆ, ಕಾಮಗಾರಿ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ಕಟ್ಟುವ ಖರ್ಚು ಒಮ್ಮೆಯದು, ಏಸಿಯ ಕರೆಂಟು ಬಿಲ್ಲು ಕಟ್ಟಡ ಇರುವವರೆಗಿನದು. ಪಶ್ಚಿಮಕ್ಕೆ ತೆರೆದ ಗಾಜಿನ ಗೋಡೆ ಸಂಜೆಯ ಬಿಸಿಲನ್ನು ಒಳಗೆ ಬಿಟ್ಟುಕೊಂಡು ಹೊರಹೋಗಲು ಬಿಡುವುದಿಲ್ಲ. ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಗಾಜಿನ ಪ್ರಮಾಣವನ್ನು ಗೋಡೆಯ ಶೇ. 40ಕ್ಕೆ ಮಿತಿಗೊಳಿಸಲು ಹೇಳುವುದು ಇದಕ್ಕೇ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ; ಹೆಸರಿನ ಬೆನ್ನಿಗೇ ಗಾಜಿನ ಪೆಟ್ಟಿಗೆಗಳೂ ಬಂದಾವು ಎಂಬ ಆತಂಕ ನನಗಿದೆ.

ಇನ್ನೊಂದು ಆಕ್ಷೇಪ ಪರಿಸರದ್ದು. ಸ್ಥಳೀಯತೆಯ ಹೆಸರಿನಲ್ಲಿ ಎಲ್ಲರೂ ಕಲ್ಲು ಕೇಳಿದರೆ ಉಳಿದ ಗುಡ್ಡಗಳೂ ಕ್ವಾರಿಯಾಗುತ್ತವೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಲ್ಲು ಎಲ್ಲ ಕೆಲಸಕ್ಕೂ ಒಗ್ಗುವುದೂ ಇಲ್ಲ. ದಪ್ಪ ಕಲ್ಲಿನ ಗೋಡೆ ಹಗಲ ಬಿಸಿಯನ್ನು ತಡೆದು ಸಂಜೆಯಮೇಲೆ ನಿಧಾನವಾಗಿ ಒಳಗೆ ಬಿಡುತ್ತದೆ. ಸಂಜೆಗೇ ಬೀಗ ಬೀಳುವ ಕಚೇರಿಗೆ, ಶಾಲೆಗೆ ಇದು ವರ; ರಾತ್ರಿ ಜನ ಮಲಗುವ ಆಸ್ಪತ್ರೆಯ ವಾರ್ಡಿಗೆ, ಹಾಸ್ಟೆಲಿಗೆ ಬೇಸಗೆಯಲ್ಲಿ ತೊಂದರೆ. ಕಲ್ಲಿಗೆ ಬದಲಿಯಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ 1970ರ ದಶಕದಿಂದ ರೂಪಿಸಿದ, ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆ ನಮ್ಮ ಮುಂದಿದೆ. ಮಣ್ಣು ಹದವಾಗಿದ್ದರೆ, ತಳಮಹಡಿಗೆ ಅಗೆದು ಎಸೆಯುವ ಮಣ್ಣೇ ಗೋಡೆಯಾಗುತ್ತದೆ, ಸುಡಲು ಸೌದೆ ಬೇಡ. ಸಾವನದುರ್ಗದ ಕೋಟೆ ಕಟ್ಟಿದವರೂ ಕಡಿದಾದ ಬಂಡೆಯನ್ನೇ ಗೋಡೆಯಾಗಿ ಬಳಸಿ, ಹತ್ತಲು ದಾರಿಯಿದ್ದ ಕಡೆ ಕೋಟೆಗೋಡೆ ಎಬ್ಬಿಸಿದರು. ಆ ಬೆಟ್ಟದಿಂದ ಕಲಿಯಬೇಕಾದದ್ದು ಆ ಮಿತವ್ಯಯ.

ಕೊನೆಗೆ ಉಳಿಯುವುದು ಲೋಕೋಪಯೋಗಿ ಇಲಾಖೆಯಂಥವರು ಹೇಳಬಹುದಾದ ಮಾತು: ನೂರಾರು ಕಟ್ಟಡ ಕಟ್ಟುವಾಗ ಮಾದರಿ ನಕ್ಷೆ ಒಂದೇ ಇದ್ದರೆ ಅಂದಾಜುಪಟ್ಟಿ, ಟೆಂಡರು, ಮೇಲ್ವಿಚಾರಣೆ ಎಲ್ಲ ಸುಲಭ. ನಿಜ. ಅದಕ್ಕಾಗಿ ಅಡಿಪಾಯದ ವಿವರ, ಬಾಗಿಲು ಕಿಟಕಿ, ಶೌಚಾಲಯ, ದಾಖಲೆ ಕೋಣೆ, ವಿದ್ಯುತ್ ವ್ಯವಸ್ಥೆಗೆ ರಾಜ್ಯಕ್ಕೆಲ್ಲ ಒಂದೇ ಮಾದರಿ ಇರಲಿ. ಕಟ್ಟಡ ಯಾವ ದಿಕ್ಕಿಗೆ ನಿಲ್ಲಬೇಕು, ಜಗಲಿ ಎಷ್ಟು ಅಗಲ, ಗೋಡೆ ಯಾವುದರದು ಎಂಬ ಮೂರು ತೀರ್ಮಾನಗಳನ್ನು ಮಾತ್ರ ಆಯಾ ತಾಲ್ಲೂಕಿನ ನಿವೇಶನ ನೋಡಿದ ವಾಸ್ತುಶಿಲ್ಪಿಗೆ ಬಿಡಬೇಕು. ಕರಾವಳಿಯ ಕಟ್ಟಡಕ್ಕೆ ಓರೆಮಳೆ ತಡೆಯುವ ಉದ್ದನೆಯ ಸೂರು ಬೇಕು, ಕಲಬುರಗಿಯದಕ್ಕೆ ಬಿಸಿಲು ತಡೆಯುವ ದಪ್ಪ ಗೋಡೆ, ಸಣ್ಣ ಕಿಟಕಿ. ಮಾಗಡಿ, ಕನಕಪುರದ ಹವೆಗೆ ಅಷ್ಟು ಕಟ್ಟುನಿಟ್ಟು ಬೇಡ. ವರ್ಷದ ಹೆಚ್ಚಿನ ದಿನ ಅಲ್ಲಿ ಅಗಲವಾದ ಜಗಲಿ, ನಡುವೆ ಒಂದು ತೊಟ್ಟಿ ಇದ್ದರೆ ಹಗಲಿನಲ್ಲಿ ದೀಪ ಫ್ಯಾನುಗಳ ಹಂಗಿಲ್ಲದೆ ನೂರು ಜನ ತಮ್ಮ ಸರದಿಗೆ ಕಾಯಬಹುದು.