ಗೇರ್ ಬದಲಾಗುವಾಗ ಟ್ರ್ಯಾಕ್ಟರ್ ಝಟ್ಕಾ ಹೊಡೆಯುತ್ತಿದೆಯೇ? ಗೇರ್‌ಬಾಕ್ಸ್ ಬಿಚ್ಚುವ ಮೊದಲು ಇಷ್ಟು ನೋಡಿ

ನಮ್ಮೂರಿನ ಗದ್ದೆ, ತೋಟಗಳಲ್ಲಿ ಓಡುವ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಕ್ಲಚ್ ತುಳಿದು ಗೇರ್ ಹಾಕುವಂಥವು. ಅದರಲ್ಲೇ ಕೈ ಪಳಗಿದ ಹುಡುಗರು ಗಲ್ಫ್‌ನ ದೊಡ್ಡ ಫಾರ್ಮ್‌ಗಳಿಗೆ ಡ್ರೈವರ್ ಅಥವಾ ಮೆಕ್ಯಾನಿಕ್ ಆಗಿ ಹೋದಾಗ ಮೊದಲು ತಬ್ಬಿಬ್ಬಾಗುವುದು ಪವರ್‌ಶಿಫ್ಟ್ ಗೇರ್‌ಬಾಕ್ಸ್ ಕಂಡಾಗ. ಗೇರ್ ಬದಲಾಗುವಾಗ ಗಾಡಿ ಜಗ್ಗಿತು ಎಂದರೆ ಎರಡು ಮಾತು ಕೇಳಿಬರುತ್ತವೆ: ‘ಡ್ರೈವರ್ ಸರಿಯಾಗಿ ಓಡಿಸಿಲ್ಲ’, ಇಲ್ಲವೇ ‘ಗೇರ್‌ಬಾಕ್ಸ್ ಹೋಯಿತು, ಬಿಚ್ಚಬೇಕು’. ಬಹಳ ಸಲ ಎರಡೂ ನಿಜವಾಗಿರುವುದಿಲ್ಲ. ಬಿಚ್ಚುವುದೆಂದರೆ ಟ್ರ್ಯಾಕ್ಟರನ್ನು ನಡುವೆ ಎರಡು ತುಂಡು ಮಾಡುವ ಕೆಲಸ. ಬಿತ್ತನೆ, ಕಟಾವಿನ ಸಮಯದಲ್ಲಿ ಅದರ ನಷ್ಟ ಸಣ್ಣದಲ್ಲ.

ಪವರ್‌ಶಿಫ್ಟ್ ಕೆಲಸ ಮಾಡುವುದು ಹೇಗೆ?

ಇದು ಹೊಸ ಸಂಗತಿಯೇನಲ್ಲ. ಫೋರ್ಡ್ ಕಂಪೆನಿ 1959ರಲ್ಲೇ 10 ಮುಂದಿನ, 2 ಹಿಂದಿನ ಗೇರ್‌ಗಳ ‘ಸೆಲೆಕ್ಟ್-ಒ-ಸ್ಪೀಡ್’ ತಂದಿತ್ತು. ಇದರಲ್ಲಿ ಲೋಡ್ ಇದ್ದಾಗಲೇ, ಕ್ಲಚ್ ತುಳಿಯದೆ ಗೇರ್ ಬದಲಾಗುತ್ತದೆ. ಒಳಗೆ ಆಯಿಲ್‌ನಲ್ಲಿ ಮುಳುಗಿರುವ ಹಲವು ಕ್ಲಚ್ ಪ್ಯಾಕ್‌ಗಳಿರುತ್ತವೆ. ಆಯಿಲ್ ಪ್ರೆಷರ್ ಪಿಸ್ಟನ್ ಅನ್ನು ತಳ್ಳಿ ಪ್ಲೇಟ್‌ಗಳನ್ನು ಒತ್ತಿ ಹಿಡಿಯುತ್ತದೆ. ಈಗಿನ ಗಾಡಿಗಳಲ್ಲಿ ಯಾವ ಕ್ಲಚ್‌ಗೆ ಎಷ್ಟು ಪ್ರೆಷರ್, ಯಾವಾಗ ಎಂಬುದನ್ನು ಕಂಪ್ಯೂಟರ್ ಸೊಲೆನಾಯ್ಡ್ ವಾಲ್ವ್‌ಗಳ ಮೂಲಕ ನಿಯಂತ್ರಿಸುತ್ತದೆ.

ಒಬ್ಬನ ತಲೆ ಮೇಲಿನ ಹೊರೆಯನ್ನು ಇನ್ನೊಬ್ಬನ ತಲೆಗೆ ದಾಟಿಸುವುದನ್ನು ನೆನೆಸಿಕೊಳ್ಳಿ. ಮೊದಲಿನವ ಬೇಗ ಕೈಬಿಟ್ಟರೆ ಹೊರೆ ಕೆಳಗೆ. ಬಿಡುವುದು ತಡವಾದರೆ ಇಬ್ಬರೂ ಎಳೆದಾಡುತ್ತಾರೆ. ಇಲ್ಲೂ ಹಾಗೆಯೇ. ಹಳೆಯ ಕ್ಲಚ್ ಬೇಗ ಬಿಟ್ಟರೆ ಇಂಜಿನ್ ಒಮ್ಮೆ ‘ರುಂಯ್’ ಎಂದು ಏರಿ, ಆಮೇಲೆ ಗೇರ್ ಧಡಕ್ಕನೆ ಕೂರುತ್ತದೆ. ತಡವಾಗಿ ಬಿಟ್ಟರೆ ಬ್ರೇಕ್ ಹಾಕಿದಂತೆ ಗಾಡಿ ತಡೆಯುತ್ತದೆ, ಇಂಜಿನ್ ಕುಗ್ಗುತ್ತದೆ. ಇವೆರಡರಲ್ಲಿ ಯಾವುದು ಆಗುತ್ತಿದೆ ಎಂದು ಗಮನಿಸುವುದೇ ಮೊದಲ ಪರೀಕ್ಷೆ.

ಯಾವ ಗೇರ್‌ನಲ್ಲಿ? ಬರೆದಿಟ್ಟುಕೊಳ್ಳಿ

‘ಗೇರ್ ಸರಿ ಇಲ್ಲ’ ಎಂದಷ್ಟೇ ಹೇಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದರಿಂದ ಕೊನೆಯ ಗೇರ್‌ವರೆಗೆ ಒಂದೊಂದಾಗಿ ಏರಿಸಿ, ಇಳಿಸಿ ಪಟ್ಟಿ ಮಾಡಿ.

ಕೇಸ್ ಐಎಚ್ ಮ್ಯಾಗ್ನಮ್ ಟ್ರ್ಯಾಕ್ಟರ್‌ನ 18 ಸ್ಪೀಡ್ ಗೇರ್‌ಬಾಕ್ಸ್ ಉದಾಹರಣೆ ತೆಗೆದುಕೊಳ್ಳಿ. ಅದರಲ್ಲಿ ಬೆಸ-ಸಮ ಗೇರ್‌ಗಳಿಗೆ ಎರಡು ಕ್ಲಚ್, 1-2, 3-4, 5-6 ಎಂಬ ಮೂರು ಸ್ಪೀಡ್ ಕ್ಲಚ್, ಲೋ, ಮಿಡ್, ಹೈ ಎಂಬ ಮೂರು ರೇಂಜ್ ಕ್ಲಚ್. 2 x 3 x 3 ಅಂದರೆ 18. 1ರಿಂದ 2ಕ್ಕೆ ಹೋಗುವಾಗ ಬದಲಾಗುವುದು ಬೆಸ-ಸಮ ಜೋಡಿ ಮಾತ್ರ. 2ರಿಂದ 3ಕ್ಕೆ ಹೋಗುವಾಗ ಸ್ಪೀಡ್ ಕ್ಲಚ್ ಕೂಡ ಬದಲಾಗುತ್ತದೆ. 6ರಿಂದ 7ಕ್ಕೆ, 12ರಿಂದ 13ಕ್ಕೆ ಹೋಗುವಾಗ ಮೂರೂ ಜಾಗದಲ್ಲಿ ಒಟ್ಟಿಗೆ ಬದಲಾವಣೆ. ಹಾಗಾಗಿ ಆ ಎರಡು ಕಡೆ ಸ್ವಲ್ಪ ಜಾಸ್ತಿ ಗೊತ್ತಾಗುವುದು ಸಹಜ.

ಈಗ ನಿಮ್ಮ ಪಟ್ಟಿ ನೋಡಿ. 2-3, 8-9, 14-15 ಈ ಮೂರರಲ್ಲೂ ಜಗ್ಗಿದರೆ ಸಂಶಯ 3-4 ಕ್ಲಚ್ ಮೇಲೆ. ಸಮ ಗೇರ್‌ಗೆ ಹೋಗುವಾಗಲೆಲ್ಲ ಜಗ್ಗಿದರೆ ಸಮ ಕ್ಲಚ್. 6-7ರಲ್ಲಿ ಮಾತ್ರ ವಿಪರೀತವಾದರೆ ಮಿಡ್ ರೇಂಜ್ ಕಡೆ ನೋಡಿ. ಎಲ್ಲಾ ಗೇರ್‌ನಲ್ಲೂ ಒಂದೇ ಥರ ಆದರೆ ತೊಂದರೆ ಒಂದು ಕ್ಲಚ್‌ನದ್ದಲ್ಲ, ಎಲ್ಲಕ್ಕೂ ಸೇರಿದ ಆಯಿಲ್, ಪ್ರೆಷರ್ ಅಥವಾ ಕರೆಂಟಿನದ್ದು. ಬೇರೆ ಮಾದರಿಗಳಲ್ಲಿ ಜೋಡಣೆ ಬೇರೆ ಇರುತ್ತದೆ. ಆದರೆ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇಂಥ ಚಾರ್ಟ್ ಸಿಗುತ್ತದೆ.

ಮೊದಲು ಆಯಿಲ್

ಆಯಿಲ್ ಮಟ್ಟ ಕಡಿಮೆ ಇದ್ದರೆ ಪಂಪ್ ಗಾಳಿ ಎಳೆಯುತ್ತದೆ. ನೊರೆ ತುಂಬಿದ ಆಯಿಲ್ ಪ್ರೆಷರ್ ಹಿಡಿಯುವುದಿಲ್ಲ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಇನ್ನೊಂದು ದೊಡ್ಡ ತಪ್ಪು, ಸಿಕ್ಕಿದ ಇಂಜಿನ್ ಆಯಿಲ್ ಅಥವಾ ಬರೀ ಹೈಡ್ರಾಲಿಕ್ ಆಯಿಲ್ ಹಾಕುವುದು. ಮುಳುಗಿದ ಕ್ಲಚ್ ಪ್ಲೇಟ್‌ಗಳಿಗೆಂದೇ ಬೇರೆ ಆಯಿಲ್ ಇದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ್ದನ್ನೇ ಹಾಕಬೇಕು.

ಫಿಲ್ಟರ್ ಬದಲಿಸುವಾಗ ಹಳೆಯದನ್ನು ಕತ್ತರಿಸಿ ನೋಡಿ. ನಯವಾದ ಬೂದು ಪುಡಿ ಸ್ವಲ್ಪ ಇದ್ದರೆ ಗಾಬರಿ ಬೇಡ. ಕಪ್ಪು ಚೂರುಗಳಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಹೊಳೆಯುವ ಉಕ್ಕಿನ ಚೂರು ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ, ಅದು ಗೇರ್ ಅಥವಾ ಬೇರಿಂಗ್.

ಬೆಳಿಗ್ಗೆ ಜಗ್ಗಿ, ಬಿಸಿಯಾದ ಮೇಲೆ ಸರಿಹೋದರೆ ತಣ್ಣಗಿನ ಆಯಿಲ್ ದಪ್ಪವಾಗಿರುವುದೇ ಕಾರಣ ಇರಬಹುದು. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕೆಟ್ಟರೆ ಒಳಗೆ ಸೋರಿಕೆ ಇದೆಯೆಂದು ಸಂಶಯಿಸಿ. ಬಿಸಿಯಾಗಿ ತೆಳುವಾದ ಆಯಿಲ್ ಸವೆದ ಸೀಲ್, ಸವೆದ ಪಂಪ್‌ಗಳಲ್ಲಿ ಬೇಗ ನುಸುಳುತ್ತದೆ.

ಆಮೇಲೆ ಕರೆಂಟ್

ಬ್ಯಾಟರಿ ವೀಕ್ ಇದ್ದರೆ, ಅರ್ತ್ ತುಕ್ಕು ಹಿಡಿದಿದ್ದರೆ ಸೊಲೆನಾಯ್ಡ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕನೆಕ್ಟರ್‌ಗಳಲ್ಲಿ ಧೂಳು, ತೇವ, ಬಾಗಿದ ಪಿನ್ ಇದೆಯೇ ನೋಡಿ. ಡಿಸ್‌ಪ್ಲೇಯಲ್ಲಿ ಬಂದ ಫಾಲ್ಟ್ ಕೋಡ್ ಅಳಿಸುವ ಮೊದಲು ಬರೆದುಕೊಳ್ಳಿ. ಆಯಿಲ್ ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳಿದರೂ ಕಂಪ್ಯೂಟರ್ ತಪ್ಪು ಲೆಕ್ಕ ಹಾಕುತ್ತದೆ. ಒಂದೇ ಪಾರ್ಟ್ ನಂಬರಿನ ಎರಡು ವಾಲ್ವ್‌ಗಳಿದ್ದರೆ ಅದಲುಬದಲು ಮಾಡಿ ನೋಡಬಹುದು. ತೊಂದರೆಯೂ ಜಾಗ ಬದಲಿಸಿತೇ? ವಾಲ್ವ್ ಕೆಟ್ಟಿದೆ. ಇದ್ದಲ್ಲೇ ಉಳಿಯಿತೇ? ವಯರಿಂಗ್ ಅಥವಾ ಕ್ಲಚ್.

ಕ್ಯಾಲಿಬ್ರೇಷನ್, ಪ್ರೆಷರ್

ಪ್ಲೇಟ್ ಸವೆದಂತೆ ಪಿಸ್ಟನ್ ಹೆಚ್ಚು ದೂರ ಸರಿಯಬೇಕು, ಆಯಿಲ್ ತುಂಬಲು ಹೆಚ್ಚು ಸಮಯ ಬೇಕು. ಅದನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸುವುದೇ ಕ್ಯಾಲಿಬ್ರೇಷನ್. ಆಯಿಲ್, ಕರೆಂಟ್ ಸರಿಮಾಡದೆ ಇದನ್ನು ಮಾಡಿದರೆ ರೋಗ ಮುಚ್ಚಿಟ್ಟಂತೆ. ಹಳೆಯ ಅಂಕಿಗಳನ್ನು ಮೊದಲು ಬರೆದಿಡಿ. ಹೊಸದರಲ್ಲಿ ಒಂದು ಕ್ಲಚ್‌ನ ಅಂಕಿ ಮಾತ್ರ ತುಂಬಾ ಬದಲಾಗಿದ್ದರೆ ಸುಳಿವು ಸಿಕ್ಕಿತು. ಆಯಿಲ್ ಹೇಳಿದಷ್ಟು ಬಿಸಿ ಇರಬೇಕು, ಸಮತಟ್ಟಾದ ಬಯಲು ಬೇಕು, ಹತ್ತಿರ ಯಾರೂ ನಿಲ್ಲಬಾರದು. ಗಾಡಿ ತಟ್ಟನೆ ಚಲಿಸಬಹುದು.

ಕೊನೆಗೆ ಗೇಜ್ ಹಾಕಿ ಪ್ರೆಷರ್ ನೋಡಿ. ಎಲ್ಲ ಕಡೆ ಕಡಿಮೆಯಾದರೆ ಪಂಪ್ ಅಥವಾ ಪ್ರೆಷರ್ ನಿಯಂತ್ರಿಸುವ ವಾಲ್ವ್. ಒಂದೇ ಕ್ಲಚ್‌ನಲ್ಲಿ ಕಡಿಮೆಯಾಗಿದ್ದು, ಅದರ ವಾಲ್ವ್ ಸರಿ ಇದ್ದರೆ ಸೀಲ್ ಹೋಗಿದೆ. ಬಿಚ್ಚುವ ಮಾತು ಬರುವುದು ಈಗ. ಸೋರಿಕೆ ಎಲ್ಲಿ ಎಂದು ಕೈಯಿಟ್ಟು ಹುಡುಕಬೇಡಿ, ಪ್ರೆಷರಿನ ಆಯಿಲ್ ಚರ್ಮ ತೂರಿ ಒಳಹೋಗುತ್ತದೆ.

ಪ್ರತಿ ಹಂತದಲ್ಲೂ ತಾರೀಕು, ಗಂಟೆ ಮೀಟರ್, ಗೇರ್, ಕೋಡ್, ಪ್ರೆಷರ್ ಬರೆದು ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಮೇಲಿನವರು ‘ನೀನೇ ಹಾಳು ಮಾಡಿದೆ’ ಎಂದಾಗ ಭಾಷೆ ಬರದ ನಾಡಿನಲ್ಲಿ ವಾದಕ್ಕಿಂತ ಈ ಕಾಗದ ಹೆಚ್ಚು ಕೆಲಸಕ್ಕೆ ಬರುತ್ತದೆ.