ನಿಮಗಿದು ಗೊತ್ತೆ? ಹದಿನೆಂಟು ತುಂಬಲೆಂದು ಕಾದ ಎಂಡ್ರಿಕ್

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಎಂಡ್ರಿಕ್‌ಗಾಗಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಕ್ಲಬ್ ಒಪ್ಪಂದ ಮಾಡಿಕೊಂಡಾಗ ಅವನಿಗೆ ಬರೀ 16 ವರ್ಷ. ಅದು 2022ರ ಡಿಸೆಂಬರ್. ಆದರೆ ಅವನು ಮ್ಯಾಡ್ರಿಡ್ ಸೇರಿದ್ದು 2024ರ ಜುಲೈನಲ್ಲಿ! ಏಕೆಂದರೆ, 18 ತುಂಬದ ಆಟಗಾರರು ಬೇರೆ ದೇಶದ ಕ್ಲಬ್‌ಗೆ ಹೋಗುವುದನ್ನು ಫಿಫಾ ನಿಯಮ ಸಾಮಾನ್ಯವಾಗಿ ಒಪ್ಪುವುದಿಲ್ಲ. ಎಳೆಯರ ಹಿತಕ್ಕಾಗಿ ಇರುವ ಒಳ್ಳೆಯ ನಿಯಮವಿದು.

ಕಾದ ದಿನಗಳನ್ನು ಹುಡುಗ ವ್ಯರ್ಥ ಮಾಡಲಿಲ್ಲ. ತವರಿನ ಪಾಲ್ಮೈರಸ್ ಕ್ಲಬ್ ಪರವೇ ಆಡಿದ. 2023ರ ನವೆಂಬರ್ 1ರಂದು ಬೊಟಾಫೊಗೊ ಎದುರು ಅರ್ಧ ಆಟ ಮುಗಿದಾಗ ಪಾಲ್ಮೈರಸ್ 0–3ರಿಂದ ಹಿಂದಿತ್ತು. ಬಳಿಕ ಎಂಡ್ರಿಕ್ ಎರಡು ಗೋಲು ಹೊಡೆದ, ತಂಡ 4–3ರಿಂದ ಗೆದ್ದಿತು. ಆ ವರ್ಷದ ಲೀಗ್ ಪ್ರಶಸ್ತಿಯೂ ಪಾಲ್ಮೈರಸ್‌ನದೇ.

2024ರ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಬ್ರೆಜಿಲ್ ಆಡಿದ ಪಂದ್ಯದ ಏಕೈಕ ಗೋಲು ಅವನದು. ಆಗ ವಯಸ್ಸು 17 ವರ್ಷ, 246 ದಿನ. ಮೂರೇ ದಿನಕ್ಕೆ ಸ್ಪೇನ್ ಎದುರು ಇನ್ನೊಂದು ಗೋಲು; ಅದೂ ಮುಂದೆ ತನ್ನ ಮನೆಯಾಗಲಿದ್ದ ರಿಯಲ್ ಮ್ಯಾಡ್ರಿಡ್‌ನ ಬೆರ್ನಬೇವು ಅಂಗಳದಲ್ಲೇ.

ಇನ್ನೊಂದು ಸಂಗತಿ: ಎಂಡ್ರಿಕ್ ಪಾಲ್ಮೈರಸ್‌ನಲ್ಲಿ ಆಟ ಕಲಿಯುತ್ತಿದ್ದಾಗ ಅವನ ತಂದೆ ಅದೇ ಕ್ಲಬ್‌ನಲ್ಲಿ ಸ್ವಚ್ಛತಾ ಕೆಲಸ ಮಾಡುತ್ತಿದ್ದರು.